ಎರಡೂವರೆಯ ನಂತರದ ಪ್ರೋಟಾನುಗಳು

ಟಿಕ್.

ಅಷ್ಟೇ ಸದ್ದು. ಲ್ಯಾಬಿನಲ್ಲಿ ರಾತ್ರಿ ಎರಡೂವರೆ. ಪಂಪುಗಳ ಗುಂಯ್‌ಗುಡುವಿಕೆಯ ನಡುವೆಯೂ ನನಗದು ಸ್ಪಷ್ಟವಾಗಿ ಕೇಳಿಸಿತು, ಏಕೆಂದರೆ ಮಾಡಿದವಳು ನಾನೇ. ಫ್ಲಾಸ್ಕಿಗೆ ಕೈ ಚಾಚಿದಾಗ ಸ್ವೆಟರಿನ ತೋಳು, ಅಳತೆಯ ಸಂಕೇತ ಹಿಗ್ಗಿಸುವ ಆಂಪ್ಲಿಫೈಯರಿನ ಗುಂಡಿಗೆ ಸಿಕ್ಕಿ, ಅದನ್ನು ಬಿಗಿದಿಡುವ ಪುಟ್ಟ ಕಡ್ಡಿ ಸಡಿಲಿತು. ಗುಂಡಿ ತುಸು ತಿರುಗಿತು. ಎಷ್ಟು ಎಂದು ತಿಳಿಯುವಂತಿರಲಿಲ್ಲ. ಅದರ ಅಂಕಿಗಳು ಸವೆದು ವರ್ಷಗಳಾಗಿದ್ದವು. ಅಂದಾಜಿನ ಮೇಲೆ ಹಿಂದಕ್ಕೆ ತಿರುಗಿಸಿ ಬಿಗಿದೆ.

ನಿಯಮ ಗೊತ್ತಿತ್ತು. ಯಾವ ಗುಂಡಿಗೆ ಕೈ ತಾಗಿದರೂ ಪ್ರಯೋಗದ ದಾಖಲೆ ಪುಸ್ತಕದಲ್ಲಿ ಬರೆಯಬೇಕು, ವೇಗವರ್ಧಕದಿಂದ ಬರುವ ಕಿರಣ ನಿಲ್ಲಿಸಿ ಅಳತೆ ಮತ್ತೆ ಹೊಂದಿಸಬೇಕು. ಅದಕ್ಕೆ ಎರಡು ಗಂಟೆ ಹೋಗುತ್ತದೆ. ನಮಗೆ ಸಿಕ್ಕಿದ್ದೇ ಮೂರು ದಿನ, ಅದೂ ಎರಡು ವರ್ಷ ಕಾದ ಮೇಲೆ.

ಪ್ರಯೋಗ ಅಕ್ಕನದು. ಒಡಹುಟ್ಟಿದವಳಲ್ಲ; ಲ್ಯಾಬಿನಲ್ಲಿ ನನಗಿಂತ ಮೂರು ವರ್ಷ ಹಿರಿಯಳು, ಅದಕ್ಕೇ ಅಕ್ಕ. ಗೋಡೆಗೆ ಮುಖ ಮಾಡಿ ಬೆಂಚಿನ ಮೇಲೆ ಮಲಗಿದ್ದಳು, ಮೂವತ್ತು ಗಂಟೆ ಎಚ್ಚರವಿದ್ದ ಮೇಲೆ. ಎಬ್ಬಿಸಲಿಲ್ಲ. ಕರುಣೆಯಿಂದ ಎಂದುಕೊಂಡೆ. ನಿಜಕ್ಕೂ ಹೆದರಿಕೆಯಿಂದ. ಪುಸ್ತಕದಲ್ಲಿ 'ಎರಡೂವರೆ, ಎಲ್ಲ ಸರಿ' ಎಂದು ಬರೆದೆ.

ನಮ್ಮ ಕೆಲಸ ಇಷ್ಟು: ಪರಮಾಣುವಿನ ನ್ಯೂಕ್ಲಿಯಸ್ಸಿಗೆ ಕಿರಣದಿಂದ ಹೊಡೆದು ಕಾಯಿಸಿದರೆ, ಕುದಿಯುವ ನೀರು ಆವಿ ಬಿಡುವ ಹಾಗೆ ಅದು ಪ್ರೋಟಾನುಗಳನ್ನು ಹೊರಗೆ ಬಿಡುತ್ತದೆ. ಅವುಗಳ ಶಕ್ತಿ ಅಳೆದರೆ, ಒಳಗೆ ಶಕ್ತಿಯ ಮೆಟ್ಟಿಲುಗಳು ಎಷ್ಟು ಒತ್ತಾಗಿವೆ ಎಂದು ತಿಳಿಯುತ್ತದೆ. ಗುಂಡಿ ಕೂದಲೆಳೆಯಷ್ಟು ತಿರುಗಿದರೂ ಆ ಅಳತೆ ಸುಳ್ಳಾಗುತ್ತದೆ.

ನಾಲ್ಕು ತಿಂಗಳಾದ ಮೇಲೆ ಅಕ್ಕನ ನಕ್ಷೆಯಲ್ಲಿ ಒಂದು ಉಬ್ಬು ಎದ್ದಿತು.

"ನೋಡೇ! ಮೆಟ್ಟಿಲು ಇಲ್ಲಿ ಲೆಕ್ಕಕ್ಕಿಂತ ಒತ್ತಾಗಿದೆ. ನನ್ನ ಥೀಸಿಸ್ ಗೆದ್ದಿತು ಅಂತಲೇ ತಿಳ್ಕೋ."

ನಮ್ಮಿಬ್ಬರ ಗೈಡ್ ಆದ ಮೇಷ್ಟ್ರು ಕನ್ನಡಕ ಹಣೆಗೇರಿಸಿದರು. "ಉಬ್ಬು ನ್ಯೂಕ್ಲಿಯಸ್ಸಿಂದೋ, ನಮ್ಮ ಮುದಿ ಮಷೀನಿಂದೋ?"

"ಪುಸ್ತಕದಲ್ಲಿ ಎಲ್ಲ ಸರಿ ಅಂತಿದೆ ಸರ್," ಎಂದಳು ಅಕ್ಕ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರಂತೆ. ನನ್ನ ಕೈ ಸ್ವೆಟರಿನ ತೋಳಿಗೆ ಹೋಯಿತು.

ಅಂದು ಸಂಜೆ ಒಬ್ಬಳೇ ಕುಳಿತು ದತ್ತಾಂಶವನ್ನು ಆ ರಾತ್ರಿಯ ಎರಡೂವರೆಗೆ ಸರಿಯಾಗಿ ಎರಡು ಭಾಗ ಮಾಡಿದೆ. ಮೊದಲ ಭಾಗದಲ್ಲಿ ಗೆರೆ ನುಣ್ಣಗೆ ಇಳಿದಿತ್ತು. ಉಬ್ಬು ಇದ್ದದ್ದೆಲ್ಲ ಎರಡನೆಯದರಲ್ಲಿ.

ಮರುದಿನ ಎರಡೂ ನಕ್ಷೆಗಳನ್ನು ಅಕ್ಕನ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಆಕೆ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕುಳಿತಳು.

"ಅವತ್ತು ರಾತ್ರಿ ನಂಗೆ ನಿದ್ದೆ ಬಂದಿರಲಿಲ್ಲ ಕಣೇ," ಎಂದಳು ಕೊನೆಗೆ.

"ಅಂದ್ರೆ?"

"ಟಿಕ್ ಅಂದದ್ದು ಕೇಳಿಸಿತ್ತು. ನೀನು ಬರೀತೀಯ ಅಂತ ಸುಮ್ಮನಿದ್ದೆ. ಬೆಳಿಗ್ಗೆ ಪುಸ್ತಕ ನೋಡಿದೆ, ಎಲ್ಲ ಸರಿ ಅಂತಿತ್ತು. ಹಾಗಾದ್ರೆ ಸರಿಯೇ ಇರಬೇಕು ಅಂದ್ಕೊಂಡೆ. ಆಮೇಲೆ ಉಬ್ಬು ಬಂತು..." ನಕ್ಕಳು, ನಗುವಂಥದ್ದೇನೂ ಇರಲಿಲ್ಲ. "ಆಮೇಲೆ ನಿನ್ನನ್ನ ಕೇಳೋ ಧೈರ್ಯವೇ ಬರಲಿಲ್ಲ."

"ತಪ್ಪು ನಂದು ಅಕ್ಕ."

"ಗುಂಡಿ ನಿಂದು. ಉಬ್ಬು ನಂದು. ಏಳು, ಮೇಷ್ಟ್ರ ಹತ್ರ ಹೋಗೋಣ."

ಎರಡೂವರೆಯ ನಂತರದ್ದನ್ನೆಲ್ಲ ತೆಗೆದುಹಾಕಿದರೆ ಉಳಿಯುವುದು ಅರ್ಧಕ್ಕೂ ಕಡಿಮೆ. ಅಕ್ಕ ಮತ್ತೆ ಕಿರಣಕ್ಕೆ ಅರ್ಜಿ ಹಾಕಬೇಕು. ಥೀಸಿಸ್ ಇನ್ನೊಂದು ವರ್ಷ ಮುಂದಕ್ಕೆ. ಇಬ್ಬರೂ ಮೇಷ್ಟ್ರ ಕೋಣೆಗೆ ಹೋದೆವು. ಅವಳು ಬಾಯಿ ತೆರೆಯುವ ಮೊದಲೇ ನಾನು ಮೇಷ್ಟ್ರಿಗೆ ಹೇಳಿಬಿಟ್ಟೆ: ನನ್ನ ಕೈ ತಾಗಿತು, ನಾನೇ ಬರೆಯದೆ ಬಿಟ್ಟೆ.

"ಹುಡುಗಾಟ ಅಂದ್ಕೊಂಡ್ಯಾ?" ಎಂದು ಶುರುವಾದ ಅವರ ಬೈಗುಳ ಅರ್ಧ ಗಂಟೆ ನಡೆಯಿತು. ನನಗೆ ಹಗುರವೇ ಆಯಿತು. ಕಡೆಗೆ ಅವರು ಅಕ್ಕನ ಕಡೆ ತಿರುಗಿದರು.

"ಪಾಪ, ನೀನು ಮಲಗಿದ್ದೆ. ನಿನಗೆ ಹೇಗೆ ಗೊತ್ತಾಗ್ಬೇಕು?"

ಅಕ್ಕ ನನ್ನನ್ನು ನೋಡಿದಳು. ತುಟಿ ಅಲುಗಿತು.

"ಹೌದು ಸರ್," ಎಂದೆ ನಾನು. "ಗಾಢ ನಿದ್ದೆ."

ಆಕೆ ತಲೆ ತಗ್ಗಿಸಿದಳು. ಎರಡನೆಯ ಸಲ ನಾನು 'ಎಲ್ಲ ಸರಿ' ಎಂದು ಬರೆದ ಹಾಗಾಯಿತು. ಆದರೂ ಟಿಕ್ ಎಂಬ ಆ ಸದ್ದನ್ನು ಅಕ್ಕನೂ ಕೇಳಿಸಿಕೊಂಡಿದ್ದಳು ಎಂಬುದನ್ನು ಯಾರಿಗೂ ಹೇಳುವುದಿಲ್ಲವೆಂದು ಅಲ್ಲೇ, ಮೇಷ್ಟ್ರ ಎದುರೇ, ನಿಶ್ಚಯಿಸಿದೆ.