ಎರಡನೆಯ ಸಲ ಕೊಡದ ಕನ್ನಡಕದವನು

ನನ್ನ ಹೆಂಡತಿಯ ತಮ್ಮ ನಡೆದುಹೋಗುವುದನ್ನು ಹಿಂದಿನಿಂದ ನೋಡಿದವರು ಮುಳುಗುವ ಹಡಗನ್ನು ನೋಡಲು ಸಮುದ್ರಕ್ಕೆ ಹೋಗಬೇಕಾಗಿಲ್ಲ. ಬಲಭುಜ ಪಾತಾಳದ ಕಡೆಗೆ, ಎಡಭುಜ ಆಕಾಶದ ಕಡೆಗೆ, ನಡುವೆ ಯಾರೊಡನೆಯೋ ವಾದಕ್ಕೆ ಹೊರಟಂತೆ ಮುಂದಕ್ಕೆ ಚಾಚಿದ ಕುತ್ತಿಗೆ. ಇದು ಹುಟ್ಟಿನಿಂದ ಬಂದ ಓರೆಯಲ್ಲ. ಯೌವನದಿಂದಲೂ ವಾರಕ್ಕೊಮ್ಮೆ ಬಲಭುಜಕ್ಕೆ ನೇತುಹಾಕಿಕೊಂಡು ಅಲೆದ ಒಂದು ಚೀಲದ ಕೃಪೆ. ಅದರ ತುಂಬ ಆಟದ ಪುಸ್ತಕಗಳು. ಅದನ್ನೊಮ್ಮೆ ಎತ್ತಿಕೊಡಲು ಹೋದ ಬಸ್ ನಿಲ್ದಾಣದ ಕೂಲಿಯವನು ಮರುದಿನವೇ ಆ ವೃತ್ತಿ ಬಿಟ್ಟು ಗಡಿಯಾರ ರಿಪೇರಿ ಕಲಿತನೆಂದು ಪ್ರತೀತಿ. ಸುಳ್ಳೂ ಇರಬಹುದು, ಹಬ್ಬಿಸಿದವನು ನಾನೇ.

ಆಟವೆಂದರೆ ಇಸ್ಪೀಟಲ್ಲ, ಚದುರಂಗವಲ್ಲ. ಮೇಜಿನ ಸುತ್ತ ನಾಲ್ಕು ಜನ ಕೂರುತ್ತೇವೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಆ ಕಥೆಯೊಳಗಿನ ಕಳ್ಳಿಯೋ ಯೋಧನೋ ಮಂತ್ರವಾದಿಯೋ ಆಗುತ್ತೇವೆ. ಬದುಕುವುದು, ಸಾಯುವುದು ದಾಳದ ಇಚ್ಛೆ. ದಾಳಕ್ಕೆ ಅರ್ಥ ಹೇಳುವುದು ಪುಸ್ತಕದ ಇಚ್ಛೆ. ಕಥೆ ನಡೆಸುವವನು ಇವನೇ. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿ, ಆತ್ಮದ ಪಾಡಿಗೆ ಅದರ ಹಿಂಗೋಣೆ. ಗಿರಾಕಿಯ ಗಾಜು ಒರೆಸಲು ಬಿಳಿ ಕೋಟಿನ ಜೇಬಿನಿಂದ ಬಟ್ಟೆ ಎಳೆದರೆ ಅದರ ಜೊತೆ ಇಪ್ಪತ್ತು ಮುಖದ ದಾಳವೊಂದು ನೆಲಕ್ಕುರುಳುತ್ತದೆ. ಬಿದ್ದ ಅಂಕಿ ತೀರ ಚಿಕ್ಕದಾದರೆ "ಇವತ್ತು ಬೇಡ ಸ್ವಾಮಿ, ನಾಳೆ ಬನ್ನಿ, ನಿಮ್ಮ ಕಣ್ಣಿಗೇ ಒಳ್ಳೇದು" ಎಂದು ಕಳಿಸಿಬಿಡುತ್ತಾನೆ.

ಇವನ ಧರ್ಮಶಾಸ್ತ್ರದಲ್ಲಿ ಇರುವುದು ಒಂದೇ ಸೂತ್ರ: "ಕೊಟ್ಟಾಯ್ತಲ್ಲ!" ಒಂದು ವಸ್ತುವಿಗೆ ಒಮ್ಮೆ ಕಾಸು ತೆತ್ತಮೇಲೆ ಮತ್ತೆ ತೆರುವುದು ಅವನ ದೃಷ್ಟಿಯಲ್ಲಿ ಮಹಾಪಾತಕ. ಹಿಂದೊಮ್ಮೆ ಛತ್ರಿ ಕಳೆದುಕೊಂಡ. ಹೊಸದು ಕೊಳ್ಳಲಿಲ್ಲ. "ಛತ್ರಿಗೆ ಕೊಟ್ಟಾಯ್ತಲ್ಲ ಭಾವ! ಎಲ್ಲೋ ಇರುತ್ತೆ, ಬರುತ್ತೆ" ಎಂದು ಎರಡು ಮಳೆಗಾಲ ನೆನೆದ. ಛತ್ರಿ ಬರಲಿಲ್ಲ, ನೆಗಡಿ ಬಂತು, ಪಾಪ, ಅದಕ್ಕೆ ಇವನು ಕಾಸು ಕೊಟ್ಟಿರಲಿಲ್ಲ.

ಇಂಥ ಮನುಷ್ಯನಿರುವಾಗಲೇ ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ನಮ್ಮದು ಲಿಫ್ಟಿಲ್ಲದ ಮೂರನೆಯ ಮಹಡಿ. ಶಸ್ತ್ರಚಿಕಿತ್ಸೆಯಾದ ಮೇಲೆ ಬೇರೆ ಊರಿನಲ್ಲಿರುವ ಮಗಳ ಮನೆ ಸೇರಿದೆವು. ಕೂರಬೇಕು, ನಿಲ್ಲಬೇಕು, ಇಲ್ಲದಿದ್ದರೆ ಹಾಸಿಗೆಯೇ ಗತಿ ಎಂದು ವ್ಯಾಯಾಮ ಮಾಡಿಸುವಾಕೆ ಗದರಿದಳು. ಇವಳು ಗೋಡೆಗೆ ಮುಖ ಮಾಡಿ ಮಲಗಿದಳು. "ವಾರದ ಆಟವಾದರೂ ಇದ್ದಿದ್ರೆ ಏಳ್ತಿದ್ದೆ" ಎಂದದ್ದೇ ಅವಳ ಬಾಯಿಂದ ಬಂದ ಏಕೈಕ ಆಸೆ.

ನಮ್ಮ ನಾಲ್ಕನೆಯ ಆಟಗಾರ್ತಿ, ಕನ್ನಡಕದಂಗಡಿಯ ಎದುರಿನ ಔಷಧದಂಗಡಿಯವಳು, ದಾರಿ ಹೇಳಿದಳು: ಕಂಪ್ಯೂಟರಿನಲ್ಲೇ ಮೇಜು, ಅದರಲ್ಲೇ ನಕ್ಷೆ, ಅದರಲ್ಲೇ ದಾಳ. ಆದರೆ ಪುಸ್ತಕಗಳು ಅದರೊಳಗೆ ತೆರೆದುಕೊಳ್ಳಬೇಕಾದರೆ ಅವನ್ನು ಅಲ್ಲೇ, ಮತ್ತೊಮ್ಮೆ, ಕೊಳ್ಳಬೇಕು. ಭಾವಮೈದ ಆ ಪುಸ್ತಕಗಳ ಕಂಪನಿಗೆ ಫೋನು ಮಾಡಿದ. ನಾವೂ ಕೇಳಿ ಆನಂದಿಸಲೆಂದು ನಮ್ಮನ್ನೂ ಆ ಕರೆಗೆ ಜೋಡಿಸಿಕೊಂಡ.

"ಪುಸ್ತಕ ನನ್ನ ಹತ್ರ ಇದೆ ಕಣಮ್ಮ."

"ಅದು ಕಾಗದದ್ದು ಸರ್."

"ಕಾಗದದ್ದಲ್ದೆ ಕಲ್ಲಿಂದಾ? ನೀವೇ ಮಾರಿದ್ದು, ನಾನೇ ಕೊಂಡಿದ್ದು. ಅದೇ ಅಕ್ಷರ ತಾನೇ?"

"ಅಕ್ಷರ ಅದೇ ಸರ್. ನೀವು ಕೊಂಡಿರೋದು ಪುಸ್ತಕ. ಇದು ಓದೋ ಅನುಮತಿ."

"ಹಾಗಾದ್ರೆ ಇಷ್ಟು ವರ್ಷ ನಾನು ಅನುಮತಿ ಇಲ್ದೆ ಓದ್ತಿದ್ನೇನಮ್ಮ? ಪೊಲೀಸ್ನೋರನ್ನ ಕರೀಲಾ?"

ಆಕೆ ನಗಲಿಲ್ಲ. ಅವನ ಮಾತು ನೂರಕ್ಕೆ ನೂರು ಸರಿಯಾಗಿತ್ತು. ಅದರಿಂದ ಯಾರಿಗೂ ನಯಾಪೈಸೆ ಪ್ರಯೋಜನವಿರಲಿಲ್ಲ. "ಅಲ್ಲಯ್ಯಾ, ನಾನೇ ಕೊಡ್ತೀನಿ, ತಗೊಂಡುಬಿಡೋಣ" ಎಂದೆ. "ನೀವು ಕೊಟ್ರೂ ಅದು ಎರಡನೇ ಸಲಾನೇ ಭಾವ" ಎಂದು ಫೋನಿಟ್ಟ.

ಕಂಪ್ಯೂಟರಿನ ಆ ಮೇಜಿನಲ್ಲಿ ಒಂದು ಸಂದಿಯಿತ್ತು: ನಿಯಮಗಳನ್ನು ನಾವೇ ಕೈಯಾರೆ ಬರೆದು ತುಂಬಬಹುದು. ಸರಿ, ಕೂತ. ಗಿರಾಕಿಗಳು ಗೋಡೆಯ ಅಕ್ಷರಫಲಕವನ್ನು ತಮಗೆ ತಾವೇ ಓದಿಕೊಂಡು, ತಮ್ಮ ಕಣ್ಣಿಗೆ ತಾವೇ ನಂಬರು ಕೊಟ್ಟುಕೊಂಡು ಹೋಗುತ್ತಿದ್ದರಂತೆ. ಆ ದಿನಗಳಲ್ಲಿ ಅವನಲ್ಲಿ ಕನ್ನಡಕ ಮಾಡಿಸಿದ ಅರ್ಧ ಪೇಟೆ ಈಗಲೂ ಕಂಬಗಳಿಗೆ ನಮಸ್ಕಾರ ಹೇಳುತ್ತಾ ಓಡಾಡುತ್ತಿದೆ. ಇವನು ಒಂದು ಬೆರಳಿನಿಂದ, ಮರಕುಟುಕದ ನಿಷ್ಠೆಯಿಂದ, ಗ್ರಂಥಗಳನ್ನೆಲ್ಲ ಕುಟ್ಟಿ ಕುಟ್ಟಿ ಒಳಗೆ ತುಂಬಿದ. ಅಷ್ಟು ಹೊತ್ತಿನಲ್ಲಿ ಅಂಗಡಿ ನೋಡಿಕೊಂಡಿದ್ದರೆ ಆ ಕಂಪನಿಯನ್ನೇ ಕೊಳ್ಳಬಹುದಿತ್ತು.

ಆಟ ಶುರುವಾಯಿತು. ನನ್ನವಳು ದಿಂಬಿಗೊರಗಿ, ತಲೆ ಬಾಚಿಕೊಂಡು, ನೆಟ್ಟಗೆ ಕೂತಳು. ಅವಳ ಪಾತ್ರ ಒಬ್ಬ ಕಳ್ಳಿ. ವರ್ಷಾನುಗಟ್ಟಲೆ ಸಾಕಿ ಬೆಳೆಸಿದ, ನಮ್ಮ ಮಗಳಿಗಿಂತ ತುಸು ಹೆಚ್ಚೇ ಮುದ್ದಿನ ಕಳ್ಳಿ. ಆ ಕಳ್ಳಿ ಒಂದು ಕೊಳ ದಾಟುವಾಗ ಕಪ್ಪೆಯೊಂದು ಕಚ್ಚಿತು. ಕಂಪ್ಯೂಟರು ಲೆಕ್ಕ ಹಾಕಿ, ಕಳ್ಳಿ ಸುಟ್ಟು ಬೂದಿಯಾದಳೆಂದು ಘೋಷಿಸಿತು.

"ಕಪ್ಪೆ ಕಚ್ಚಿದ್ರೆ ಯಾರಾದ್ರೂ ಸುಟ್ಟುಹೋಗ್ತಾರೇನೋ?" ಎಂದು ತಮ್ಮನನ್ನು ಕೇಳಿದಳು.

ಪುಸ್ತಕ ತೆಗೆದು ನೋಡಿದ. ಕನ್ನಡಕದ ಕಡ್ಡಿ ಕೂಡಿಸುವ ಅಂಟು ತಾಗಿ ಎರಡು ಹಾಳೆಗಳು ಒಂದಾಗಿದ್ದವು. ಇವನು ಕಪ್ಪೆಯಲ್ಲಿ ಶುರುಮಾಡಿ, ತನಗೆ ಅರಿವಿಲ್ಲದೆ ಹಾಳೆ ಹಾರಿ, ಬೆಂಕಿಯುಗುಳುವ ಡ್ರ್ಯಾಗನ್ನಿನಲ್ಲಿ ಮುಗಿಸಿದ್ದ.

"ತಿದ್ದಿಬಿಡ್ತೀನಿ ಅಕ್ಕ, ಅವಳು ಸತ್ತಿಲ್ಲ ಅಂದ್ಕೋ."

"ಇವತ್ತು ಕಪ್ಪೆ. ನಾಳೆ ಯಾವ ಇರುವೆ ಒಳಗೆ ಏನು ತುಂಬಿದ್ದೀಯೋ, ದೇವರಿಗೇ ಗೊತ್ತು. ನಿನ್ನ ಬೆರಳನ್ನ ನಂಬಿ ನನ್ನ ಹುಡುಗೀನ ಕಳಿಸಲ್ಲ ಕಣೋ." ದಿಂಬು ಕೆಳಗೆಳೆದು ಮತ್ತೆ ಗೋಡೆಗೆ ತಿರುಗಿದಳು. ಮರುವಾರ ಏಳಲಿಲ್ಲ. ಅದರ ಮರುವಾರವೂ ಇಲ್ಲ. ಹೀಗೇ ಆದರೆ ಕಾಲಿನ ಆಸೆ ಬಿಡಿ ಎಂದಳು ವ್ಯಾಯಾಮದಾಕೆ. ನಾನು ಭಾವಮೈದನಿಗೆ ಫೋನು ಮಾಡಿ, ಅವನು ಹುಟ್ಟಿದ ಗಳಿಗೆಯಿಂದ ಹಿಡಿದು ಆ ದಿನದವರೆಗೆ ಒಂದನ್ನೂ ಬಿಡದೆ ಬೈದೆ. ಒಮ್ಮೆಯೂ "ಕೊಟ್ಟಾಯ್ತಲ್ಲ" ಎನ್ನದೆ ಫೋನಿಟ್ಟ, ಅವನ ಚರಿತ್ರೆಯಲ್ಲೇ ಅದು ಮೊದಲು.

ಎರಡು ದಿನ ಬಿಟ್ಟು ಅವನೇ ಅಕ್ಕನಿಗೆ ಫೋನು ಮಾಡಿದ.

"ಕೊಂಡೆ."

"ಏನು ಕೊಂಡ್ಯೋ?"

"ನಂದನ್ನೇ!" ಎಂದು ಅಬ್ಬರಿಸಿದ. "ನನ್ನ ಪುಸ್ತಕಾನೇ ನಾನು ಕೊಂಡೆ! ಎಲ್ಲಾನೂ! ನಿನ್ನ ಕಳ್ಳಿ ಕೊಳದ ದಡದಲ್ಲಿ ನಿಂತಿದಾಳೆ, ಎದ್ದು ಕೂತ್ಕೊಂಡು ಬಾ!"

ಅವಳು ನಕ್ಕ ರಭಸಕ್ಕೆ ದಿಂಬು ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ತಾನೇ ಮಂಚದಂಚಿಗೆ ಜರುಗಿ ಕಾಲು ಕೆಳಗಿಟ್ಟಳು. ನಾನು ಹಿಡಿಯಲು ಹೋದರೆ ಕೈ ತಳ್ಳಿದಳು.

ಇಂಥವರು ಮನೆಗೊಬ್ಬರು ಇರುತ್ತಾರೆ. ಅವರ ದೋಷ ಮೊಂಡುತನವಲ್ಲ, ಜಿಪುಣತನವೂ ಅಲ್ಲ. ಅವರ ವಾದ ಸರಿಯಾಗಿರುತ್ತದೆ ಎನ್ನುವುದೇ ಅವರ ದೋಷ. ಸರಿಯಿಲ್ಲದವನನ್ನು ಬಗ್ಗಿಸಲು ನೂರು ಉಪಾಯಗಳುಂಟು, ಸರಿಯಾಗಿರುವವನ ಮುಂದೆ ಒಂದೂ ಇಲ್ಲ. ಲೋಕಕ್ಕೆ ಸೊಪ್ಪು ಹಾಕದ ಈ ಜನ ಕೊನೆಗೆ ತಮ್ಮವರೊಬ್ಬರಿಗಾಗಿ ಸೋಲುತ್ತಾರೆ, ನಿಜ. ಆದರೆ ಎಂಥ ಕೆಟ್ಟ ಮುಖ ಮಾಡಿಕೊಂಡು ಸೋಲುತ್ತಾರೆಂದರೆ, ಉಪಕಾರ ಪಡೆದವರೇ ಪಕ್ಕದಲ್ಲಿ ಕೂತು ಅವರ ಬೆನ್ನು ಸವರಿ ಸಮಾಧಾನ ಹೇಳಬೇಕಾಗುತ್ತದೆ.