ನೂ ಅಂದರೆ

ಆಫೀಸಿನಲ್ಲಿ ಆಕೆಯನ್ನು ಎಲ್ಲರೂ ಜರಡಿ ಎಂದೇ ಕರೆಯುತ್ತಿದ್ದರು. ಎದುರಿಗೆ ಜರಡಿ ಮೇಡಂ, ಬೆನ್ನ ಹಿಂದೆ ಬರೀ ಜರಡಿ. ಆಕೆಗೆ ಎರಡೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಮಾಡುವ ಕೆಲಸವೇ ಅದು ತಾನೆ. ಕಂಪನಿಗಳು ತಮ್ಮ ಹೊಸ ಸಾಮಾನಿಗೆ ಒಂದು ಹೆಸರು ಆರಿಸಿ ಕಳಿಸುತ್ತವೆ. ಆ ಹೆಸರು ಬೇರೆ ಯಾವುದಾದರೂ ಭಾಷೆಯಲ್ಲಿ ಹೊಲಸು ಮಾತೋ ಕೆಟ್ಟ ಸುದ್ದಿಯೋ ಆಗಿದೆಯೇ ಎಂದು ಸೋಸಿ ನೋಡಿ ಹೇಳಬೇಕು. ಹೆಸರು ಚಿಕ್ಕದಾದಷ್ಟೂ ಎಡವಟ್ಟು ಜಾಸ್ತಿ. ಉದ್ದನೆಯ ಹೆಸರಿಗೆ ಹೆಚ್ಚೆಂದರೆ ಒಂದು ಕಡೆ ಅರ್ಥವಿರುತ್ತದೆ. ಒಂದೇ ಅಕ್ಷರದ್ದು ಬಂತೋ, ಅದು ಮನೆಮನೆಗೂ ನೆಂಟ, ಒಂದೊಂದು ಮನೆಯಲ್ಲಿ ಒಂದೊಂದು ವೇಷ.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಆಕೆ ಕೊಡುವ ಉದಾಹರಣೆ ಗಿಫ್ಟ್ ಎಂಬ ಪದದ್ದು. ಇಂಗ್ಲಿಷಿನವರಿಗೆ ಅದು ಉಡುಗೊರೆ. ಜರ್ಮನರಿಗೆ ವಿಷ. ಸ್ವೀಡನ್ನಿನವರಿಗೆ ವಿಷವೂ ಹೌದು, ಮದುವೆಯಾದವರು ಎಂಬ ಅರ್ಥವೂ ಹೌದು. ಇಷ್ಟು ಹೇಳಿ ಜರಡಿ ಸುಮ್ಮನಾಗುತ್ತಿದ್ದಳು. ಮದುವೆಯಾದವರು ಮಾತ್ರ ನಗುತ್ತಿದ್ದರು.

ನಿಘಂಟನ್ನು ಆಕೆ ನಂಬುವವಳಲ್ಲ. ನಿಘಂಟು ಪದದ ಹುಟ್ಟೂರು ಹೇಳುತ್ತದೆಯೇ ಹೊರತು ಅದೀಗ ಬೀದಿಯಲ್ಲಿ ಯಾರ ಜೊತೆ ಓಡಾಡುತ್ತಿದೆ ಎಂದು ಹೇಳುವುದಿಲ್ಲ ಎಂಬುದು ಆಕೆಯ ವಾದ. ಅದಕ್ಕೇ ಆಕೆ ಜನರನ್ನು ಸಾಕಿಕೊಂಡಿದ್ದಳು. ಒಂದೊಂದು ಭಾಷೆಗೆ ಆ ಭಾಷೆಯಲ್ಲೇ ಹುಟ್ಟಿ ಬೆಳೆದ ಒಬ್ಬೊಬ್ಬರು: ಒಬ್ಬ ದರ್ಜಿ, ಒಬ್ಬ ನರ್ಸು, ಬ್ರೆಡ್ಡು ಸುಡುವವನೊಬ್ಬ, ಔಷಧಿ ಅಂಗಡಿಯಾಕೆ. ಅವರನ್ನು ಆಕೆ ನನ್ನ ಕಿವಿಗಳು ಎನ್ನುತ್ತಿದ್ದಳು. ಕೆಲಸದ ಕ್ರಮ ಇಷ್ಟೇ. ಫೋನು ಹಚ್ಚಿ, ಹೆಸರನ್ನು ಬಾಯಿಬಿಟ್ಟು ಹೇಳಿ, ಒಂದೇ ಪ್ರಶ್ನೆ ಕೇಳಬೇಕು: ಈ ಪದ ಕೇಳಿದ ತಕ್ಷಣ ನಿಮಗೆ ಏನು ಹೊಳೆಯಿತು? ಯಾವ ಸಾಮಾನಿನ ಹೆಸರು ಎಂದು ಸುಳಿವು ಕೊಡಬಾರದು. ಯೋಚಿಸಿ ಹೇಳಿದ ಉತ್ತರ ಬೇಡ. ಮೊದಲು ಹೊಳೆದದ್ದೇ ಉತ್ತರ, ಆಮೇಲೆ ತಿದ್ದಿಕೊಂಡರೂ ಲೆಕ್ಕಕ್ಕಿಲ್ಲ.

ಆಕೆಗೆ ಇನ್ನೊಂದು ಗೀಳಿತ್ತು. ಮನೆಯಲ್ಲಿ ಕೊನೆಯವರು ಮಲಗುವ ತನಕ ಆಕೆಗೆ ಕಣ್ಣು ಮುಚ್ಚುವುದಿಲ್ಲ. ನೆಂಟರು ಬಂದು ಹರಟೆ ಹೊಡೆಯುತ್ತ ಕೂತರೆ ಇವಳೂ ಗೂಬೆಯ ಹಾಗೆ ಕೂತೇ ಇರುತ್ತಾಳೆ. "ನಿನ್ನನ್ನ ಕಟ್ಕೊಂಡ ಮೇಲೆ ಮನೆಗೆ ಬೀಗ ಕೊಳ್ಳೋ ಖರ್ಚೇ ಉಳೀತು," ಎಂದು ಗಂಡ ರೇಗಿಸುತ್ತಿದ್ದ. ಯಾಕೆ ಹಾಗೆ ಎಂದು ಅವನು ಕೇಳಿರಲಿಲ್ಲ, ಆಕೆ ಹೇಳಿರಲಿಲ್ಲ.

ಆ ದಿನ ಬೆಳಗ್ಗೆ ಆಫೀಸಿನ ಯಜಮಾನರು ಕಾಫಿ ಲೋಟ ಹಿಡಿದುಕೊಂಡೇ ಆಕೆಯ ಮೇಜಿಗೆ ಬಂದರು. ಯಾವ ಕಂಪನಿಯದು ಎಂದು ಸೋಸುವವರಿಗೆ ತಿಳಿಸುವ ಪದ್ಧತಿ ಅಲ್ಲಿ ಇರಲಿಲ್ಲ. ಹೆಸರು, ಸಾಮಾನು, ಹೆಸರಿನ ಹಿಂದೆ ಕಥೆಯಿದ್ದರೆ ಅದು, ಇಷ್ಟೇ ಹೇಳುತ್ತಿದ್ದರು.

"ಹಾಸಿಗೆ ಮಾಡೋರು ಮೇಡಂ. ಬಹಳ ಚಿಕ್ಕ ಹೆಸರು, ನಿಮಗೆ ಕೈತುಂಬ ಕೆಲಸ," ಎಂದರು. "ನೂ."

ಆ ಹೆಸರು ಕೇಳಿ ಜರಡಿ ಪೆನ್ನು ಕೆಳಗಿಟ್ಟಳು. ಆದರೂ ಆಕೆ ತನ್ನನ್ನು ತಾನೇ ಗದರಿಸಿಕೊಂಡಳು. ಒಂದಕ್ಷರ ಯಾರ ಬಾಯಿಗೆ ಬೇಕಾದರೂ ಬರಬಹುದು. ಅದನ್ನೇ ಅಲ್ಲವೇ ತಾನು ವರ್ಷಗಟ್ಟಲೆ ಎಲ್ಲರಿಗೂ ಹೇಳುತ್ತಾ ಬಂದದ್ದು.

"ಕಥೆ ಇದೆಯಾ ಸರ್?"

"ಇದೆ, ಕೇಳಿ. ಕಂಪನಿ ಶುರು ಮಾಡಿದ ಹೆಣ್ಣುಮಗಳು ಚಿಕ್ಕವಳಿದ್ದಾಗ ಅವರಪ್ಪ ದಿನಾ ಕೆಲಸ ಮುಗಿಸಿ ಬಂದು, ಕಂಬಳಿ ಹೊದಿಸಿ, ಕಿವೀಲಿ ನೂ ಅಂತಿದ್ರಂತೆ. ಅಂದ್ರೆ, ನಾನು ಎಚ್ಚರ ಇದ್ದೀನಿ, ನೀನು ಮಲಗು ಅಂತ. ಅಪ್ಪ ಮಗಳ ಗುಟ್ಟಿನ ಮಾತು. ಆ ಅಪ್ಪ ಇನ್ನೂ ಇದ್ದಾರಂತೆ, ಜಾಹೀರಾತಲ್ಲಿ ಅವರೇ ಬಂದು ಹೇಳ್ತಾರಂತೆ." ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. "ಎಂಥಾ ತಂದೆ ನೋಡ್ರಿ. ನಾವೂ ಇದ್ದೀವಿ, ಮಕ್ಕಳು ಮಲಗಿದ್ರೋ ಇಲ್ವೋ ಅಂತ ಕೂಡ ನೋಡೋಲ್ಲ."

ಜರಡಿ ತಲೆಯಾಡಿಸಿದಳು. ಅವರು ಹೋದ ಮೇಲೆ ನೀರು ಕುಡಿಯಲು ಹೋಗಿ, ಲೋಟ ತುಂಬಿ ಹರಿದು ಕೈ ಒದ್ದೆಯಾದರೂ ನಲ್ಲಿ ನಿಲ್ಲಿಸುವುದನ್ನು ಮರೆತು ನಿಂತಳು.

ಜರಡಿ ಬೆಳೆದ ಮನೆಯಲ್ಲಿ ಎರಡೇ ಕೋಣೆ. ತಾಯಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಅಪ್ಪ ಬರುವುದು ಬೂಟಿನ ಸದ್ದಿನಲ್ಲೇ ತಿಳಿಯುತ್ತಿತ್ತು, ಕುಡಿದಿದ್ದಾನೋ ಇಲ್ಲವೋ ಎಂಬುದೂ ಅದರಲ್ಲೇ ತಿಳಿಯುತ್ತಿತ್ತು. ಬಂದವನೇ ಬಾಗಿಲಲ್ಲಿ ನಿಂತು, "ಯಾರು ಎಚ್ಚರ ಇದ್ದೀರಿ?" ಎನ್ನುತ್ತಿದ್ದ. ಎಚ್ಚರವಿದ್ದವರು ಎದ್ದು ಹೋಗಿ ಅವನೆದುರು ಗೋಡೆಗೆ ಒರಗದೆ ನಿಲ್ಲಬೇಕು. ಅವನು ಮೇಲಧಿಕಾರಿಯನ್ನು ಬೈಯುತ್ತಾನೆ, ಲೋಕವನ್ನು ಬೈಯುತ್ತಾನೆ, ಬೈಗುಳ ಸಾಲದೇ ಹೋದರೆ ಬೆಲ್ಟು ಬಿಚ್ಚುತ್ತಾನೆ. ಯಾರೂ ಎದ್ದು ಬರದಿದ್ದರೆ ಇಬ್ಬರನ್ನೂ ಎಳೆದು ನಿಲ್ಲಿಸುತ್ತಾನೆ. ಹಾಗಾಗಿ ಒಬ್ಬರು ಹೋಗಲೇಬೇಕು. ಅಕ್ಕನಾದ ಜರಡಿಯೇ ಹೋಗುತ್ತಿದ್ದಳು. ಏಳುವ ಮುಂಚೆ ತಂಗಿಯ ಕಿವಿಗೆ ಬಾಯಿಟ್ಟು "ನೂ" ಎನ್ನುತ್ತಿದ್ದಳು. ತಂಗಿ ಅದನ್ನೇ ತಿರುಗಿ ಹೇಳಬೇಕು, ಹೇಳಿ ಕಂಬಳಿ ತಲೆತುಂಬ ಹೊದ್ದುಕೊಳ್ಳಬೇಕು. ತಿರುಗಿ ಹೇಳಿದ ಮೇಲೆಯೇ ಅಕ್ಕ ಹಾಸಿಗೆ ಬಿಡುತ್ತಿದ್ದದ್ದು. ನಾನೂ ಬರುತ್ತೇನೆ ಎಂದು ತಂಗಿ ಮೊದಮೊದಲು ಅಳುತ್ತಿದ್ದಳಲ್ಲ, ಆ ಅಳುವಿನ ಬಾಲವೇ ಆ ಪದವಾಯಿತೋ ಏನೋ, ಇಬ್ಬರಿಗೂ ನೆನಪಿಲ್ಲ. ಅರ್ಥ ಮಾತ್ರ ಯಜಮಾನರು ಹೇಳಿದ್ದೇ. ಹಾಸಿಗೆ ಕಂಪನಿ ಶುರು ಮಾಡಿದ ತಂಗಿ ಅಷ್ಟನ್ನು ಸರಿಯಾಗಿ ಹೇಳಿದ್ದಳು. ಹೇಳಿದವರ ಜಾಗದಲ್ಲಿ ಮಾತ್ರ ಬೂಟು ಹಾಕಿಕೊಂಡು ಬಂದವನನ್ನು ನಿಲ್ಲಿಸಿದ್ದಳು.

ಕದ್ದಿದ್ದರೆ ಜರಡಿ ಸುಮ್ಮನಿರುತ್ತಿದ್ದಳೋ ಏನೋ. ತಂಗಿ ಏನು ಕೇಳಿದರೂ ಕೊಟ್ಟವಳು ಅವಳು, ಅಂಗಿ, ಪುಸ್ತಕ, ತಟ್ಟೆಯಲ್ಲಿದ್ದದ್ದು ಎಲ್ಲ. ಇದು ಕದ್ದದ್ದಲ್ಲ. ಒದೆ ತಿಂದವಳ ಕೈಯಿಂದ ಕಿತ್ತು ಒದ್ದವನಿಗೆ ಕೊಟ್ಟದ್ದು.

ಆದರೂ ಫೋನು ಕೈಗೆತ್ತಿಕೊಂಡಳು. ಕೆಲಸ ಕೆಲಸವೇ.

ಡೆನ್ಮಾರ್ಕಿನ ನರ್ಸು ಒಡನೆಯೇ "ಈಗ" ಎಂದಳು. ರೊಮೇನಿಯದ ದರ್ಜಿ ಸೂಜಿ ಬಾಯಲ್ಲಿ ಕಚ್ಚಿಕೊಂಡೇ "ಇಲ್ಲ, ಬೇಡ" ಎಂದ. ಜರಡಿಗೆ ಅರೆಗಳಿಗೆ ಅವನು ಮಾತಾಡಲು ಒಲ್ಲೆ ಎನ್ನುತ್ತಿದ್ದಾನೆ ಅನ್ನಿಸಿತು. ಆಮೇಲೆ, ಅವರಲ್ಲಿ ಆ ಪದದ ಅರ್ಥವೇ ಅದು ಎಂದು ಅವನು ಬಿಡಿಸಿ ಹೇಳಿದ. ರಷ್ಯದ ಮುದುಕನಿಗೆ ಅದು "ಹೂಂ, ಮುಂದೆ ಹೇಳು" ಎಂದು ಎದುರಿನವರನ್ನು ತಿವಿಯುವ ಮಾತು. ಬ್ರೆಡ್ಡು ಸುಡುವವನು ಪೋರ್ಚುಗೀಸರವನು, ಬಿದ್ದು ಬಿದ್ದು ನಕ್ಕ. ಅವರಲ್ಲಿ ಹಾಗೆಂದರೆ ಬೆತ್ತಲೆ. ವಿಯೆಟ್ನಾಮಿನ ಹೂವಿನ ಅಂಗಡಿಯವಳು, ಸ್ವರ ಕೆಳಗಿಳಿಸಿ ತುಂಡಾಗಿ ಹೇಳಿದರೆ ಮೊಗ್ಗು ಎಂದಳು. ಫ್ರೆಂಚ್ ಕಲಿಸುವಾಕೆ, "ನಾವು," ಎಂದಳು.

"ಏನಂದ್ರಿ?"

"ನಾವು. ನಾನು ನೀನು ಸೇರಿದ್ರೆ ನಾವು. ಯಾಕೆ, ಲೈನ್ ಸರಿಯಿಲ್ವಾ?"

"ಸರಿ ಇದೆ," ಎಂದಳು ಜರಡಿ.

ಕೊನೆಗೆ ಔಷಧಿ ಅಂಗಡಿಯ ಚೀನೀ ಹೆಂಗಸು. "ದನೀನ ಒಂದೇ ಏಟಿಗೆ ಮೇಲಿಂದ ಕೆಳಕ್ಕೆ ಬೀಳಿಸಿ ಹೇಳಿದ್ರೆ ಅದು ಸಿಟ್ಟು," ಎಂದಳು. "ನೀವು ಹೇಳಿದ್ದು ಹಾಗೇ ಕೇಳಿಸ್ತು."

ಜರಡಿಯ ಮುಂದೆ ಈಗ ದಾರಿ ಸಲೀಸಾಗಿತ್ತು. ಬೆತ್ತಲೆ ಎಂಬುದನ್ನು ಸ್ವಲ್ಪ ಹೊಲಸು ಮಾಡಿ, ಸಿಟ್ಟನ್ನು ಸ್ವಲ್ಪ ಶಾಪ ಮಾಡಿ ಬರೆದರೆ ಸಾಕು, ಯಜಮಾನರು ಮರುಮಾತಿಲ್ಲದೆ ಹೆಸರನ್ನು ಹೊಡೆದುಹಾಕುತ್ತಿದ್ದರು. ಅಪ್ಪ ಜಾಹೀರಾತಿನಲ್ಲಿ ಕಂಬಳಿ ಹೊದಿಸುವುದೂ ತಪ್ಪುತ್ತಿತ್ತು. ಇಷ್ಟು ವರ್ಷದಲ್ಲಿ ಆಕೆ ಒಂದೂ ಸುಳ್ಳು ವರದಿ ಬರೆದವಳಲ್ಲ. ಈ ಒಂದನ್ನು ಬರೆದಿದ್ದರೆ ನಾನಂತೂ ಆಕೆಯನ್ನು ದೂರುತ್ತಿರಲಿಲ್ಲ. ಆಕೆ ಪೆನ್ನು ಹಿಡಿದು ಕೂತಳು, ಇಟ್ಟಳು, ಮತ್ತೆ ಹಿಡಿದಳು. ಆಮೇಲೆ ತಂಗಿಗೆ ಫೋನು ಹಚ್ಚಿದಳು.

"ಅಕ್ಕಾ, ಈ ಹೊತ್ತಲ್ಲಿ? ಆಫೀಸಲ್ಲಿ ಇಲ್ವಾ?" ತಂಗಿಯ ದನಿಯ ಹಿಂದೆ ಹೊಲಿಗೆ ಯಂತ್ರಗಳು ಗಡಗಡ ಎನ್ನುತ್ತಿದ್ದವು.

"ಆಫೀಸಲ್ಲೇ ಇದ್ದೀನಿ. ನಿನ್ನ ಹಾಸಿಗೆ ಹೆಸರು ನನ್ನ ಮೇಜಿಗೇ ಬಂದಿದೆ."

ತಂಗಿ ಎದ್ದು ಬಾಗಿಲು ಹಾಕಿರಬೇಕು, ಯಂತ್ರಗಳ ಸದ್ದು ನಿಂತಿತು.

"ನಾನೇ ಹೇಳೋಣ ಅಂತಿದ್ದೆ ಅಕ್ಕ. ಎಲ್ಲಾ ಪಕ್ಕಾ ಆದ್ಮೇಲೆ."

"ಅದನ್ನ ಹೇಳ್ತಿದ್ದದ್ದು ಯಾರು?"

"ನೀನು. ನಂಗೊತ್ತು, ನೀನೇ." ತಂಗಿ ತಡವರಿಸಲಿಲ್ಲ, ಅದೇ ಜರಡಿಗೆ ಇನ್ನಷ್ಟು ಚುಚ್ಚಿತು. "ಆದ್ರೆ ಅಕ್ಕ ಹೇಳ್ತಿದ್ಲು ಅಂದ್ರೆ ಕಥೆ ಉದ್ದ ಆಗುತ್ತೆ. ಅಪ್ಪ ಅಮ್ಮ ಎಲ್ಲಿ ಹೋಗಿದ್ರು ಅಂತ ಕೇಳ್ತಾರೆ. ಅಪ್ಪ ಅಂದ್ರೆ ಯಾರೂ ಏನೂ ಕೇಳಲ್ಲ. ಜನಕ್ಕೆ ಅದೇ ಇಷ್ಟ."

"ಆ ಮನುಷ್ಯ ಒಪ್ಕೊಂಡ್ರಾ?"

"ಅಪ್ಪಂಗೆ ಈಗ ಹಾಗೇ ನೆನಪು. ದಿನಾ ನಿಮ್ಮನ್ನ ಮಲಗಿಸ್ತಿದ್ನಲ್ಲ ಅಂತ ಅವ್ರೇ ಹೇಳ್ತಾರೆ. ವಯಸ್ಸಾಯ್ತು ಅಕ್ಕ. ನೀನು ಬಂದಾಗ್ಲೂ ಅವ್ರ ಕೋಣೆಗೆ ಕಾಲಿಡಲ್ಲ, ನಾನು ಏನಾದ್ರೂ ಅಂದಿದ್ದೀನಾ? ಎಷ್ಟು ದಿನ ಅಂತ ಅದನ್ನೇ ಹಿಡ್ಕೊಂಡಿರ್ತೀಯ?"

"ನೀನು ಬಿಟ್ಟದ್ದು ಯಾವಾಗ?"

"ನಾನು ಹಿಡ್ಕೊಂಡೇ ಇರ್ಲಿಲ್ವಲ್ಲ. ನೀನು ಹೇಳೋ ಅಪ್ಪನ್ನ ನಾನು ನೋಡೇ ಇಲ್ಲ. ನಾನು ಮಲಗಿರ್ತಿದ್ದೆ."

ತಂಗಿ ಸುಳ್ಳು ಹೇಳುತ್ತಿರಲಿಲ್ಲ. ಅವಳು ಮಲಗಿರುತ್ತಿದ್ದಳು, ಕಂಬಳಿಯೊಳಗೆ ಬೆಚ್ಚಗೆ. ಅವಳು ಏನನ್ನೂ ನೋಡಬಾರದು ಎಂದೇ ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು. ಬೆಳಗ್ಗೆ ಏಳುವ ಹೊತ್ತಿಗೆ ಅವಳಿಗೆ ಸಿಗುತ್ತಿದ್ದದ್ದು ನಿದ್ದೆ ಮಾಡಿ ಅಮಲು ಇಳಿದ ಅಪ್ಪ, ತಲೆ ಬಾಚಿಕೊಂಡ ಅಪ್ಪ. ಆ ಅಪ್ಪನನ್ನು ಅವಳಿಗೆ ಮಾಡಿಕೊಟ್ಟವಳು ಅಕ್ಕನೇ. ಅದೇ ಅಪ್ಪ ಈಗ ಬಂದು ಅಕ್ಕನ ಜಾಗದಲ್ಲಿ ಕೂತಿದ್ದ.

"ಅಕ್ಕ, ಇದ್ದೀಯಾ? ಹೆಸರಿಗೆ ಏನಾದ್ರೂ ತೊಂದ್ರೆ ಇದ್ಯಾ? ಹಾಸಿಗೆಗೆ ಹೊಲಿಯೋ ಲೇಬಲ್ ಎಲ್ಲಾ ಅದೇ ಹೆಸರಲ್ಲಿ ಮಾಡ್ಸಿಬಿಟ್ಟಿದ್ದೀವಿ."

ಜರಡಿ ಹಾಳೆ ಹತ್ತಿರಕ್ಕೆ ಎಳೆದುಕೊಂಡಳು. ಎಲ್ಲ ಕಿವಿಗಳನ್ನೂ ಕೇಳಿದ ದನಿಯಲ್ಲೇ ಕೇಳಿದಳು.

"ನಾನೊಂದು ಪದ ಹೇಳ್ತೀನಿ. ಕೇಳಿದ ತಕ್ಷಣ ನಿಮಗೆ ಏನು ಹೊಳೀತು ಹೇಳಿ."

ತಂಗಿ ನಕ್ಕಳು. "ಏನಕ್ಕ ಇದು, ನನಗೆ ನೀವು ಅಂತಿದ್ದೀಯಾ?"

"ಎಲ್ಲರನ್ನೂ ಹೀಗೇ ಕೇಳೋದು. ಯೋಚನೆ ಮಾಡ್ಬೇಡಿ. ಮೊದಲು ಹೊಳೆದದ್ದು ಹೇಳಿ." ಜರಡಿ ಉಸಿರೆಳೆದುಕೊಂಡಳು. ಆ ಪದವನ್ನು ಆಕೆ ಈ ಕಿವಿಗೆ ಹೇಳಿ ಬಹಳ ಕಾಲವಾಗಿತ್ತು. ಬೇರೆಯವರಿಗೆ ಹೇಳಿದ ಹಾಗೆ ಗಟ್ಟಿಯಾಗಿ ಹೇಳಲು ಹೋಗಿ ಆಗಲಿಲ್ಲ. ಬಾಯಿ ತಾನಾಗಿ ಮೆತ್ತಗಾಯಿತು. "ನೂ."

"ಹಾಸಿಗೆ," ಎಂದಳು ತಂಗಿ.

ಎಳ್ಳಷ್ಟೂ ತಡವಾಗಿರಲಿಲ್ಲ. ಜರಡಿ ಬರೆದುಕೊಂಡಳು. ಅತ್ತ ಕಡೆ ಉಸಿರು ಸಿಕ್ಕಿಕೊಂಡ ಸದ್ದಾಯಿತು. "ಅಯ್ಯೋ, ಇಲ್ಲ ಅಕ್ಕ, ಅದಲ್ಲ. ದಿನಾ ಅದೇ ಮಾತು ಕೇಳ್ತಿರ್ತೀನಲ್ಲ, ಬಾಯಿಗೆ ಬಂದ್ಬಿಡ್ತು. ಅಕ್ಕ, ಇನ್ನೊಂದ್ಸಲ ಕೇಳು."

"ಮೊದಲನೇದೇ ಲೆಕ್ಕ. ಥ್ಯಾಂಕ್ಸ್," ಎಂದಳು ಜರಡಿ. ಅದೂ ಆಕೆ ಎಲ್ಲರಿಗೂ ಹೇಳುವ ಮಾತೇ.

"ಅಕ್ಕ," ಎಂದಳು ತಂಗಿ. ದನಿ ಚಿಕ್ಕದಾಗಿತ್ತು, ಕಂಬಳಿಯೊಳಗಿಂದ ಬಂದ ಹಾಗಿತ್ತು. "ಅಕ್ಕ, ನೂ."

ಹೇಳಿ ಕಾದಳು. ತಿರುಗಿ ಹೇಳಲೇಬೇಕು ಎಂಬ ನಿಯಮ ಇಬ್ಬರಿಗೂ ನೆನಪಿತ್ತು. ಜರಡಿ ಅದನ್ನು ತಿರುಗಿ ಹೇಳಲಿಲ್ಲ. ಫೋನನ್ನು ಮೆಲ್ಲಗೆ ಕೆಳಗಿಟ್ಟಳು.

ಮಧ್ಯಾಹ್ನ ಯಜಮಾನರು ಬಂದು ವಿಚಾರಿಸಿದರು. ಜರಡಿ ವರದಿಯನ್ನು ಅವರ ಮುಂದಿಟ್ಟಳು. ಒಂದಕ್ಷರ ಕೂಡಿಸಿರಲಿಲ್ಲ, ಒಂದಕ್ಷರ ಕಳೆದಿರಲಿಲ್ಲ. ಬೆತ್ತಲೆ ಇತ್ತು, ಸಿಟ್ಟು ಇತ್ತು, ನಾವು ಇತ್ತು.

"ಒಟ್ಟಿನಲ್ಲಿ ಏನಂತೀರಿ? ಬಳಸಬಹುದಾ? ಯಾರಾದ್ರೂ ತಕರಾರು ತೆಗೀತಾರಾ?"

"ಯಾರೂ ತೆಗೆಯಲ್ಲ ಸರ್," ಎಂದಳು ಜರಡಿ. "ಆ ಪದಾನ ನಮ್ಮದು ಅನ್ನೋರು ಈಗ ಯಾರೂ ಇಲ್ಲ."

ಯಜಮಾನರು ಖುಷಿಯಾಗಿ ಹೋದರು. ಆಫೀಸಿನಲ್ಲಿ ಎಲ್ಲರೂ ಎಚ್ಚರವಾಗಿದ್ದರು, ಫೋನುಗಳು ಬಡಿದುಕೊಳ್ಳುತ್ತಿದ್ದವು, ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಜರಡಿ ಹಾಳೆಗಳನ್ನು ಪಕ್ಕಕ್ಕೆ ಸರಿಸಿ, ತೋಳಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಆಕೆ ನಿದ್ದೆ ಮಾಡಿದ್ದನ್ನು ಅಲ್ಲಿ ಯಾರೂ ಅದಕ್ಕೆ ಮುಂಚೆ ನೋಡಿರಲಿಲ್ಲ, ಆದ್ದರಿಂದ ಯಾರೂ ಎಬ್ಬಿಸಲಿಲ್ಲ.