ಮಾಸ್ಟರ್ ಸಹಿ ಹಾಕದ ಕಾಗದ

೧
ಈ ಕಥೆಯನ್ನು ಹಾರಿಬಂದ ಕತ್ತರಿಯಿಂದ ಶುರು ಮಾಡಲೇ, ನನ್ನ ತಲೆಹರಟೆಯಿಂದಲೇ? ಕತ್ತರಿಯೇ ಇರಲಿ, ನೀವು ಎದ್ದು ಹೋಗುವುದಿಲ್ಲ. ನನ್ನ ಅಕ್ಕ ಕಾಜಾ-ಗುಂಡಿ ಹೊಲಿಯುವ ಟೈಲರ್ ಕೋಣೆಯಲ್ಲಿ ಆರು ಮಂದಿಗೆ ಒಂದೇ ಇಸ್ತ್ರಿಪೆಟ್ಟಿಗೆ, ಒಂದೇ ಕಿಟಕಿ. ದಿನ ಬೆಳಗಾದರೆ ಜಗಳ. ಒಮ್ಮೆ ಯಾರೋ ಎಸೆದ ಕತ್ತರಿ ಅಕ್ಕನ ಕಿವಿ ಸವರಿಕೊಂಡು ಗೋಡೆಗೆ ಬಡಿಯಿತು. ಎಲ್ಲರೂ ಬೆವರಿದರು. ಇನ್ನು ಮುಂದೆ ಈ ಆರು ಮಂದಿಗೂ ಬಟ್ಟೆ ಕತ್ತರಿಸಿ ಕೊಡುವ ಕಟಿಂಗ್ ಮಾಸ್ಟರ್ ಹೇಳಿದ್ದೇ ಆಗಲಿ ಎಂದು ತೀರ್ಮಾನವಾಯಿತು. ಕರಾರಿನ ಕಾಗದ ಬರೆಯಲು ಅಕ್ಕ ನನ್ನನ್ನು ಕರೆದಳು. (ಮನೆಯಲ್ಲೊಬ್ಬ ಲೇಖಕನಿದ್ದರೆ ಅಷ್ಟಾದರೂ ಉಪಯೋಗ ಬೇಡವೇ?)

೨
‘ನಾವು ಆರು ಜನ ಪರಸ್ಪರ ಒಪ್ಪಿ, ನಮ್ಮ ನಮ್ಮ ಹಕ್ಕನ್ನೆಲ್ಲ ಮಾಸ್ಟರಿಗೆ ಒಪ್ಪಿಸಿದ್ದೇವೆ. ಅವರ ಮಾತೇ ಕೊನೆ. ಇದನ್ನು ಯಾರೂ ಹಿಂದಕ್ಕೆ ಪಡೆಯುವಂತಿಲ್ಲ.’

ಕೊನೆಯ ವಾಕ್ಯ ನನ್ನ ಸ್ವಂತ ಸೇರ್ಪಡೆ, ಲಯಕ್ಕೆ ಬೇಕಿತ್ತು. ಆರು ಸಹಿ ಬಿದ್ದವು. ಮೂರು ತಿಂಗಳು ಮಿಷನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಬೀಗಿದೆ. (ಮೊದಲ ಡ್ರಾಫ್ಟ್ ಇಲ್ಲೇ ಮುಗಿದಿತ್ತು. ಎಷ್ಟು ಚೆನ್ನಾಗಿತ್ತು!)

೩
ಇವತ್ತು ಮಾಸ್ಟರ್ ಅಕ್ಕನಿಗೆ ನಾಳೆಯಿಂದ ಬರಬೇಡ ಅಂದರಂತೆ. ಕಾರಣ ಹೇಳಬೇಕೆಂಬ ಕರಾರೇನೂ ಇಲ್ಲವಂತೆ. ಕಿಟಕಿ ಪಕ್ಕ ಹತ್ತೊಂಬತ್ತು ವರ್ಷ ಕೂತವಳು ಅವಳು. ಕಾಗದ ಹಿಡಿದು ಓಡಿದೆ. ಅಕ್ಕ ಹಿಂದೆಯೇ ಬಂದಳು.

ಮಾಸ್ಟರ್ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಲೇ ಹೇಳಿದರು: “ನನ್ನ ಸಹಿ ಎಲ್ಲಿದೆ ತೋರ್ಸಿ ಸರ್. ಅವರವರೇ ಒಬ್ರಿಗೊಬ್ರು ಮಾತು ಕೊಟ್ಕೊಂಡ್ರು. ನಾನು ಯಾರಿಗೂ ಕೊಟ್ಟಿಲ್ವಲ್ಲ.”

ನೋಡಿದೆ. ಇರಲಿಲ್ಲ. ಅವರ ಸಹಿಗೂ ಒಂದಿಷ್ಟು ಜಾಗ ಬಿಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಉಳಿದ ಐವರು ತಲೆ ಎತ್ತಲಿಲ್ಲ. ಅವರಿಗೆ ಆ ಕತ್ತರಿ ಇನ್ನೂ ನೆನಪಿತ್ತು.

೪
ಅಂತ್ಯ ಒಂದು: ಐವರೂ ಎದ್ದು ಅಕ್ಕನ ಪರ ನಿಲ್ಲುತ್ತಾರೆ. (ಅಲ್ಲೇ ನಿಂತು ಬರೆದೆ. ಒಬ್ಬರೂ ಏಳಲಿಲ್ಲ.)

ಅಂತ್ಯ ಎರಡು: ಮಾಸ್ಟರ್ ಮನಸ್ಸು ಕರಗುತ್ತದೆ. (ಸೀಮೆಸುಣ್ಣ ಕೆಳಗಿಡಲೂ ಅವರು ಒಪ್ಪಲಿಲ್ಲ.)

ಅಂತ್ಯ ಮೂರು: ಅಕ್ಕ ಅಳುತ್ತಾ ಸೂಜಿಡಬ್ಬಿ ಎತ್ತಿಕೊಂಡು

ಪೆನ್ನು ನನ್ನ ಕೈಯಿಂದ ಹೋಯಿತು. ಕಿತ್ತುಕೊಂಡವಳು ಅಕ್ಕ.

“ನಾನು ಅಳ್ತೀನಿ ಅಂತ ಯಾರೋ ಹೇಳಿದ್ದು ನಿಂಗೆ? ನನ್ ಕಥೆ ನೀನು ಬರಿ ಅಂತ ಯಾವತ್ತು ಸಹಿ ಹಾಕ್ಕೊಟ್ಟಿದ್ದೆ?”

ಬೆಚ್ಚಿಬಿದ್ದೆ. ಇಷ್ಟು ಹೊತ್ತು ನಾನು ಮನಸ್ಸಿನಲ್ಲೇ ಮಾಸ್ಟರನ್ನು ಬೈಯುತ್ತಿದ್ದೆ! ಈ ಕಥೆ ಬರೆದ ಹಾಳೆಗಳನ್ನೆಲ್ಲ ತಿರುವಿ ಹಾಕಿದೆ. ಎಲ್ಲೂ ಅವಳ ಸಹಿಯಿಲ್ಲ.

೫
ಅಕ್ಕ ಹೋಗಿ ಕಿಟಕಿ ಪಕ್ಕ ಕೂತಳು. ಸೂಜಿಗೆ ದಾರ ಪೋಣಿಸಿದಳು. ಮಾಸ್ಟರ್ ನನ್ನತ್ತ ತಿರುಗಿ, ಇವಳನ್ನು ಎಬ್ಬಿಸುವಂತೆ ಏನಾದರೂ ಬರೆಯಿರಿ ಅಂದರು.

ಪೆನ್ನು ಅವಳ ಹತ್ತಿರ ಇದೆ.